ಇನ್ನೂರ ತೊಂಬತ್ತು ಸೊನ್ನೆ

ಈಗ ನಾನು ಹೇಳುವುದರಲ್ಲಿ ಒಂದು ಅಕ್ಷರ ಸುಳ್ಳಿದ್ದರೂ, ಚಿನ್ನಯ್ಯಣ್ಣ, ಈ ಗೋಳಿಬಜೆ ನನ್ನ ಗಂಟಲಲ್ಲೇ ಸಿಕ್ಕಿಕೊಳ್ಳಲಿ. ನಿಮ್ಮ ವೇಣೂರು ಬಸ್ಸಿಗೆ ಇನ್ನೂ ಅರ್ಧ ಗಂಟೆ ಉಂಟು. ಪೇಪರ್ ಓದ್ತಾ ಇರಿ, ತೊಂದರೆ ಇಲ್ಲ. ಕಿವಿ ಮಾತ್ರ ಈಚೆ ಕೊಡಿ.

ನಮ್ಮ ಪಾಣೆಮಂಗಳೂರಿನ ಮುರ್ಶಿದಾ ಗೊತ್ತಲ್ಲ, ಬೆಳ್ತಂಗಡಿಯ ಒಂದು ಕಾಲೇಜಿನಲ್ಲಿ ಗೆಸ್ಟ್ ಲೆಕ್ಚರರ್? ಆರು ವರ್ಷದಿಂದ ಪಿಎಚ್‌ಡಿ ಮಾಡ್ತಾ ಇದ್ದಳು. ವಿಷಯ ನಮ್ಮ ಬಸ್ಸುಗಳದ್ದೇ. ಬಸ್ಸು ತಡವಾದರೆ ಜನ ಕಡಿಮೆ ಆಗ್ತಾರಾ, ಇಲ್ಲವಾ? ಅದಕ್ಕೆ ಹನ್ನೊಂದು ಲಕ್ಷ ಟಿಕೆಟಿನ ಲೆಕ್ಕ ತಂದು ಕಂಪ್ಯೂಟರಿಗೆ ತುಂಬಿಸಿದ್ದಳು. ಕಾಲೇಜಿನವರು ಹೇಳಿದ್ದು ಇಷ್ಟೇ: ಶುಕ್ರವಾರ ಸಂಜೆ ಐದರೊಳಗೆ ಪ್ರಬಂಧ ಸಲ್ಲಿಸಿದರೆ ಕೆಲಸ ಪರ್ಮನೆಂಟ್, ಇಲ್ಲದಿದ್ದರೆ ಆ ಕುರ್ಚಿ ಬೇರೆಯವರಿಗೆ. ಬಾಕಿ ಇದ್ದದ್ದು ಒಂದೇ, ಮೂಡುಬಿದಿರೆಯಲ್ಲಿರುವ ಗೈಡ್ ಶಶಿಪ್ರಭಾ ಮೇಡಮ್ಮಿನ ಸಹಿ.

ಆ ಮೇಡಮ್ಮಿನ ಮೇಜಿನ ಮೇಲೆ ಒಂದು ಸ್ಪಂಜು ಉಂಟು. ಬೆರಳು ಒದ್ದೆ ಮಾಡಿ ಹಾಳೆ ಮಗುಚಲಿಕ್ಕೆ. ಅವರು ಕೆಲಸಕ್ಕೆ ಸೇರಿದ ದಿವಸ ಇಟ್ಟದ್ದು, ಮತ್ತೆ ತೊಳೆದದ್ದಿಲ್ಲ. ಮೊದಲು ಹಸಿರು ಇತ್ತಂತೆ. ಅದು ಒಣಗಿದರೆ ಮೇಡಂ ನೀರು ಹಾಕುವುದಿಲ್ಲ, ಕುಡಿದು ಉಳಿದ ಚಾ ಬಗ್ಗಿಸ್ತಾರೆ. ಹೆಬ್ಬೆರಳು ಅದರಲ್ಲಿ ಅದ್ದಿ, ಒಮ್ಮೆ ನಾಲಿಗೆಗೂ ಮುಟ್ಟಿಸಿ, ಆಮೇಲೆ ಹಾಳೆಗೆ. ಮುರ್ಶಿದಾಳ ಪ್ರಬಂಧದ ಪ್ರತಿ ಹಾಳೆಯ ಮೂಲೆಯಲ್ಲೂ ಒಂದು ಕಂದು ಹೆಬ್ಬೆಟ್ಟು. ಹಳಸಿದ ಗಂಜಿಯ ವಾಸನೆ. ಅವಳು ಆ ಹಾಳೆಗಳನ್ನು ಮೂಲೆ ಹಿಡಿಯದೆ, ಸತ್ತ ಇಲಿಯನ್ನು ಎತ್ತುವ ಹಾಗೆ ನಡುವಲ್ಲಿ ಹಿಡಿದು ತರ್ತಿದ್ದಳು.

ಸೋಮವಾರ ಮೇಡಂ ಫಲಿತಾಂಶದ ಪಟ್ಟಿ ನೋಡಿದರು. ತಡಕ್ಕೂ ಜನಕ್ಕೂ ಇರುವ ಸಂಬಂಧ ಬರೀ ಆಕಸ್ಮಿಕ ಆಗಿರುವ ಸಾಧ್ಯತೆ ಎಷ್ಟು ಅಂತ ಒಂದು ಸಂಖ್ಯೆ ಉಂಟಲ್ಲ, ಅಲ್ಲಿ ಕಂಪ್ಯೂಟರ್ ಕೊಟ್ಟದ್ದು 0.000.

"ಸೊನ್ನೆ? ಆರು ವರ್ಷ ಕೂತು ಸೊನ್ನೆ ಕಂಡುಹಿಡಿದ್ಯಾ?"

"ಸೊನ್ನೆ ಅಲ್ಲ ಮೇಡಂ, ತುಂಬಾ ಸಣ್ಣದು. ಮೂರೇ ಸ್ಥಾನ ತೋರಿಸಿದ್ದರಿಂದ ಹಾಗೆ ಕಾಣ್ತದೆ. 0.001ಕ್ಕಿಂತ ಕಡಿಮೆ ಅಂತ ಬರೆಯುವ."

"ಕಡಿಮೆ ಅಂದರೆ? ಮೀನಿನವನ ಹತ್ರ ಬೂತಾಯಿ ಎಷ್ಟುಂಟು ಕೇಳಿದರೆ ಬುಟ್ಟಿಗಿಂತ ಕಡಿಮೆ ಅಂತಾನಾ? ಸರಿಯಾಗಿ ಹೇಳು." ಹೆಬ್ಬೆರಳು ಸ್ಪಂಜಿಗೆ ಹೋಯ್ತು.

ಮಂಗಳವಾರ ಅವಳು ಕಂಪ್ಯೂಟರಿನ ಒಳಗಿನ ಸಂಖ್ಯೆಯನ್ನೇ ತೆಗೆದುಕೊಂಡು ಹೋದಳು. ನಾಲ್ಕು, ಪಕ್ಕದಲ್ಲಿ ಇಂಗ್ಲಿಷಿನ ಇ, ಒಂದು ಮೈನಸ್, ಇನ್ನೂರ ತೊಂಬತ್ತೊಂದು.

"ಸಂಖ್ಯೆಯ ಮಧ್ಯೆ ಅಕ್ಷರ ಯಾಕೆ? ಇದೇನು ಲಾರಿಯ ನಂಬರ್ ಪ್ಲೇಟಾ?" ಅಂದರು ಮೇಡಂ. "ಪೂರ್ತಿ ಬರಿ. ಒಂದೇ ಗೆರೆಯಲ್ಲಿ. ಸಂಖ್ಯೆಯ ಸೊಂಟ ಮುರಿದು ಕೆಳಗಿನ ಗೆರೆಗೆ ಹಾಕಿದರೆ ಸಹಿ ಇಲ್ಲ."

ಪೂರ್ತಿ ಬರೆಯುವುದು ಅಂದರೆ ಏನು? ಚುಕ್ಕಿ ಆದ ಮೇಲೆ ಇನ್ನೂರ ತೊಂಬತ್ತು ಸೊನ್ನೆ, ಕೊನೆಗೆ ಒಂದು ನಾಲ್ಕು. ಮುರ್ಶಿದಾ ಗುಂಡುಸೂಜಿ ಹಿಡಿದು ಎರಡು ದಿವಸ ಅದನ್ನೇ ಎಣಿಸಿದಳು. ಅಷ್ಟು ಸೊನ್ನೆ ಒಟ್ಟಿಗೆ ನೋಡಿದರೆ ಹೇನು ಇಟ್ಟ ಮೊಟ್ಟೆಗಳ ಸಾಲಿನ ಹಾಗೆ ಕಾಣ್ತದೆ. ಅವಳಿಗೆ ಊಟ ಸೇರಲಿಲ್ಲ.

ಯಾವ ಕಾಗದಕ್ಕೂ ಅದು ಹಿಡಿಯಲಿಲ್ಲ. ಶುಕ್ರವಾರ ಬೆಳಿಗ್ಗೆ ಬಿ.ಸಿ.ರೋಡಿನ ಮೂಸಾಕನ ಫ್ಲೆಕ್ಸ್ ಅಂಗಡಿಗೆ ಹೋದಳು.

"ಮೂರಡಿ ಅಗಲ, ಹತ್ತಡಿ ಉದ್ದ. ಅದಕ್ಕಿಂತ ಸಣ್ಣದು ನನ್ನ ಮೆಷಿನಿಗೆ ಆಗುವುದಿಲ್ಲ ಮೋಳೆ," ಅಂದ ಮೂಸಾಕ, ಸ್ವಂತ ಮಗಳನ್ನು ಕರೆಯುವ ಹಾಗೆ. "ಅಕ್ಷರ ದೊಡ್ಡದು ಮಾಡುವ. ಮಡಚಿ ಪುಸ್ತಕದೊಳಗೆ ಇಡು, ಯಾರು ಬೇಡ ಅಂತಾರೆ?"

ಎರಡೂವರೆಗೆ ಸುರುಳಿ ಸುತ್ತಿದ ಫ್ಲೆಕ್ಸ್ ಹಿಡಿದು ಮೂಡುಬಿದಿರೆ ಬಸ್ಸು ಹತ್ತಿದಳು. ಹಿಂದಿನ ಸೀಟಿನಲ್ಲಿ ಕೂತು ಸ್ವಲ್ಪ ಬಿಡಿಸಿ ನೋಡಿದಳು.

ಮೂಸಾಕನಿಗೆ ಮೂವತ್ತು ವರ್ಷದ ಅಭ್ಯಾಸ. ಮುಖ ಇಲ್ಲದ ಫ್ಲೆಕ್ಸ್ ಅವನ ಕೈಯಿಂದ ಹೊರಗೆ ಬಂದದ್ದೇ ಇಲ್ಲ. ಸೊನ್ನೆಗಳ ಕೊನೆಗೆ, ನಾಲ್ಕರ ಪಕ್ಕದಲ್ಲಿ, ಶಶಿಪ್ರಭಾ ಮೇಡಮ್ಮಿನ ಇಷ್ಟು ದೊಡ್ಡ ಮುಖ. ಸುತ್ತ ಗುಲಾಬಿ. ಕೆಳಗೆ 'ಹಾರ್ದಿಕ ಶುಭಾಶಯಗಳು'.

ಫೋನ್ ಮಾಡಿದಳು. "ಮೂಸಾಕ, ಇದೆಂತ ಮಾಡಿದ್ದು? ಮೇಡಮ್ಮಿನ ಫೋಟೋ ಎಲ್ಲಿಂದ?"

"ಹೋದ ವರ್ಷ ಅವರಿಗೆ ಸನ್ಮಾನ ಆದಾಗ ಫ್ಲೆಕ್ಸ್ ಮಾಡಿದ್ದು ನಾನೇ ಅಲ್ವಾ? ಕಂಪ್ಯೂಟರಿನಲ್ಲಿ ಇತ್ತು."

"ಅಷ್ಟು ಜಾಗ ಎಲ್ಲಿ ಸಿಕ್ಕಿತು?"

"ನಲವತ್ತು ಸೊನ್ನೆ ತೆಗೆದೆ. ಎಲ್ಲ ಒಂದೇ ರೀತಿ ಉಂಟಲ್ಲ ಮೋಳೆ, ಯಾರಿಗೆ ಗೊತ್ತಾಗ್ತದೆ?"

ಮುರ್ಶಿದಾ ಫೋನ್ ಇಟ್ಟಳು. ಮೇಡಂ ಎಣಿಸಿದರೆ ಕೆಲಸ ಹೋಯ್ತು. ಎಣಿಸದೆ ಸಹಿ ಹಾಕಿದರೆ ಆರು ವರ್ಷದ ಕೆಲಸದೊಳಗೆ ಸುಳ್ಳು ಸಂಖ್ಯೆ, ಅವಳದೇ ಹೆಸರಿನಲ್ಲಿ. ತಿರುಗಿ ಹೋಗಲಿಕ್ಕೆ ಸಮಯ ಇಲ್ಲ.

ನಾಲ್ಕು ಗಂಟೆಗೆ ಮೇಡಮ್ಮಿನ ಕೋಣೆಯಲ್ಲಿ ಫ್ಲೆಕ್ಸ್ ಬಿಚ್ಚಿದರು. ಮೊದಲನೇ ಸೊನ್ನೆ ಕಿಟಕಿಯ ಹತ್ರ. ಮೇಡಂ ಹೆಬ್ಬೆರಳು ಅದ್ದಿ, ಒಂದೊಂದೇ ಸೊನ್ನೆಯನ್ನು ಒತ್ತಿ ಎಣಿಸಲಿಕ್ಕೆ ಸುರು ಮಾಡಿದರು. ಒಂದು, ಎರಡು, ಮೂರು. ಪ್ರತಿ ಸೊನ್ನೆಯೊಳಗೂ ಒಂದು ಕಂದು ಬೊಟ್ಟು. ನಲವತ್ತೆರಡಕ್ಕೆ ಬಂದಾಗ ಇನ್ನೂ ಸುರುಳಿಯಲ್ಲೇ ಇದ್ದ ಫ್ಲೆಕ್ಸಿನ ಆಚೆ ತುದಿ ತಾನಾಗಿ ಬಿಚ್ಚಿಕೊಂಡಿತು.

ಮೇಡಂ ತಲೆ ಎತ್ತಿದರು. ತಮ್ಮ ಮುಖವನ್ನೇ ನೋಡಿದರು. ತುಂಬಾ ಹೊತ್ತು ನೋಡಿದರು.

"ಗುಲಾಬಿ ಯಾರು ಹೇಳಿದ್ದು ಹಾಕ್ಲಿಕ್ಕೆ?"

ಮುರ್ಶಿದಾ ಆ ತುದಿಯನ್ನು ಸುತ್ತಲಿಕ್ಕೆ ಹೋದಳು. "ಹಾಗೇ ಬಂತು ಮೇಡಂ."

"ಇದನ್ನು ಮಡಚಿ ಪುಸ್ತಕದೊಳಗೆ ತುರುಕಿ ಹಾಳು ಮಾಡ್ಬೇಡ ಮಾರಾಯ್ತಿ. ಇಲ್ಲೇ ಬಿಟ್ಟು ಹೋಗು. ಪುಸ್ತಕಕ್ಕೆ ಏನಾದ್ರೂ ಸಣ್ಣದು ಹಾಕು. 0.001ಕ್ಕಿಂತ ಕಡಿಮೆ ಅಂತಲೋ ಏನೋ. ಅಷ್ಟೂ ತಿಳಿಯುದಿಲ್ವಾ ನಿನಗೆ?"

ಸಹಿ ಹಾಕಿದರು. ಹಾಕಿದ ಮೇಲೆ ಹೆಬ್ಬೆರಳು ಅದ್ದಿ, ಸಹಿಯ ಪಕ್ಕದಲ್ಲೇ ಹಾಳೆ ಹಿಡಿದು ಕೊಟ್ಟರು.

ಸೋಮವಾರದ ಆ ಸಣ್ಣ ಸಂಖ್ಯೆಯನ್ನೇ, ಸತ್ಯವಾದದ್ದನ್ನು, ಹಾಕಿ ಎದುರಿನ ಅಂಗಡಿಯಲ್ಲಿ ಬೈಂಡ್ ಮಾಡಿಸಿ, ಐದಕ್ಕೆ ನಾಲ್ಕು ನಿಮಿಷ ಇರುವಾಗ ಅಲ್ಲೇ ಮೂಡುಬಿದಿರೆಯ ಪಿಎಚ್‌ಡಿ ಆಫೀಸಿಗೆ ಕೊಟ್ಟಳು. ಈಗ ಪರ್ಮನೆಂಟ್. ಡಾಕ್ಟರ್ ಮುರ್ಶಿದಾ. ಆದರೆ ಅವಳ ಪ್ರಬಂಧದ ಮೊದಲ ಹಾಳೆಯಲ್ಲಿ, ಸಹಿಯ ಪಕ್ಕ, ಆ ಕಂದು ಹೆಬ್ಬೆಟ್ಟು ಹಾಗೇ ಉಂಟು. ಲೈಬ್ರರಿಯ ಕಪಾಟು ತೆರೆದರೆ ಗಂಜಿ ಹಳಸಿದ ವಾಸನೆ ಬರ್ತದೆ. ಅವಳು ಚಾ ಕುಡಿಯುವುದನ್ನೇ ಬಿಟ್ಟಿದ್ದಾಳೆ.

ಫ್ಲೆಕ್ಸ್ ಎಲ್ಲಿ ಹೋಯ್ತು ಕೇಳ್ತೀರಾ? ಮೇಡಮ್ಮಿನ ಮನೆಯ ಗೇಟಿನಲ್ಲಿ ಉಂಟು. ಮೊನ್ನೆ ನಾನೇ ಕಣ್ಣಾರೆ ನೋಡಿದ್ದು, ಚಿನ್ನಯ್ಯಣ್ಣ. ಒಂದು ದನ ಬಂದು, ಆ ಚಾದ ರುಚಿ ಸಿಕ್ಕಿ, ಸೊನ್ನೆಗಳನ್ನು ಒಂದೊಂದಾಗಿ ನೆಕ್ಕಿ ಅಳಿಸ್ತಾ ಉಂಟು. ಒಂದು ಸೊನ್ನೆ ಹೋದರೆ ಸಂಖ್ಯೆ ಹತ್ತು ಪಾಲು ದೊಡ್ಡದಾಗ್ತದೆ, ದನಕ್ಕೆ ಅದೆಲ್ಲ ಎಲ್ಲಿ ಗೊತ್ತು? ನೆಕ್ಕಿ ನೆಕ್ಕಿ ಮೇಡಮ್ಮಿನ ಕೆನ್ನೆಯ ಹತ್ರ ಬಂತು. ನಾಲಿಗೆ ಇಷ್ಟುದ್ದ ಹೊರಗೆ ಹಾಕಿ, ಜೊಲ್ಲು ಸುರಿಸಿಕೊಂಡು, ಆ ಗುಲಾಬಿಯ ಪಕ್ಕ ಒಮ್ಮೆ ಮೂಸಿ, ಆಮೇಲೆ... ಅರೆ! ಚಿನ್ನಯ್ಯಣ್ಣ, ಬಸ್ಸು ಬರಲಿಲ್ಲ ಇನ್ನೂ. ಪೇಪರ್ ಬಿಸಾಡಿ ಎಲ್ಲಿಗೆ? ಇಷ್ಟು ಹೊತ್ತು ಹೆಬ್ಬೆರಳು ನಾಲಿಗೆಗೆ ಮುಟ್ಟಿಸಿ ಮಗುಚ್ತಾ ಇದ್ದದ್ದು ನೀವೇ ಅಲ್ವಾ? ನೀರಿನ ನಳ್ಳಿ ಆಚೆ ಬದಿಗೆ ಉಂಟು ಮಾರಾಯ್ರೆ, ಸಾಬೂನು ಮಾತ್ರ ಇಲ್ಲ.