ಅಖ್ತರ್ ಬೀ ಪಾಸು ಮಾಡಿಸಿದ ಬಜೆಟ್

ದೇಶದ ಬಜೆಟ್ಟು ದಿಲ್ಲಿಯಲ್ಲಿ ಪಾಸಾಗದೆ ನಿಂತು ಹತ್ತು ದಿನವಾಗಿತ್ತು. ಅದನ್ನು ತಡೆದು ನಿಲ್ಲಿಸಿದ ಪುಣ್ಯಾತ್ಮ ಎಲ್ಲಿದ್ದಾನೆಂದು ಟಿವಿಯವರು ಊರೂರು ಜಾಲಾಡುತ್ತಿದ್ದರು. ಆತ ಭದ್ರಾವತಿಯ ಜನ್ನಾಪುರದಲ್ಲಿ, ಅಖ್ತರ್ ಬೀಯ ಮನೆಯ ಹಿಂದಿನ ಕೋಣೆಯಲ್ಲಿ, ಆಕೆಯ ಗಂಡ ರಸೂಲ್ ಸಾಬರ ಪಟ್ಟೆ ಲುಂಗಿ ಉಟ್ಟು ನಾಲ್ಕನೆಯ ಅಕ್ಕಿರೊಟ್ಟಿಗೆ ಕೈ ಹಾಕಿದ್ದ. ಅದು ಆ ಮನೆಯ ಮೂವರಿಗೆ ಬಿಟ್ಟು ಇನ್ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದು ಏನು ಬಂತು ಭಾಗ್ಯ? ಬಾಯಿ ಬಿಡುವ ಹಾಗಿರಲಿಲ್ಲ.

ಆತನ ಹೆಸರು ಚೌಡಪ್ಪ. ಅಡಿಕೆ ಬೆಳೆಗಾರ, ಪಕ್ಷೇತರ ಎಂಪಿ. ಲೋಕಸಭೆಯಲ್ಲಿ ಸರ್ಕಾರದ ಕಡೆ ಎಷ್ಟು ತಲೆಯೋ ವಿರೋಧದ ಕಡೆಯೂ ಅಷ್ಟೇ ತಲೆ. ಉಳಿದ ಒಂದೇ ಒಂದು ತಲೆ ಇವನದು. ಅದು ಯಾವ ಕಡೆ ವಾಲುತ್ತದೆ ಎಂದು ತಿಳಿಯದೆ ಮತಕ್ಕೆ ಹಾಕಲು ಇವರಿಗೂ ಧೈರ್ಯವಿಲ್ಲ, ಅವರಿಗೂ ಧೈರ್ಯವಿಲ್ಲ. ಹಾಗಾಗಿ ದಿನಾ ಬೆಳಿಗ್ಗೆ ಗದ್ದಲ, ಮಧ್ಯಾಹ್ನ ಧರಣಿ, ಸಂಜೆ ನಾಳೆಗೆ ಮುಂದೂಡಿಕೆ. ಶಿವಮೊಗ್ಗದ ವಿದ್ಯಾನಗರದಲ್ಲಿ ಚೌಡಪ್ಪನ ಮನೆಯ ಮುಂದೆ ಒಂದು ಪಾರ್ಟಿಯ ಕಾರುಗಳು, ಹಿಂದಿನ ರಸ್ತೆಯಲ್ಲಿ ಇನ್ನೊಂದು ಪಾರ್ಟಿಯ ಕಾರುಗಳು. ಇಬ್ಬರಿಗೂ ಆತನನ್ನು ಎತ್ತಿ ತಮ್ಮ ತಮ್ಮ ರೆಸಾರ್ಟಿಗೆ ಹಾಕಿಕೊಳ್ಳುವ ಅವಸರ. ಚೌಡಪ್ಪ ಮೊಬೈಲನ್ನು ಅಕ್ಕಿ ಡಬ್ಬದಲ್ಲಿ ಹುಗಿದು, ಅರವತ್ತರ ವಯಸ್ಸಿನಲ್ಲಿ ಪಕ್ಕದ ಮನೆಯ ಕಾಂಪೌಂಡು ಹಾರಿ, ತಲೆಗೆ ಟವೆಲು ಸುತ್ತಿ, ಬಸ್ಸು ಹತ್ತಿ ರಸೂಲ್ ಸಾಬರ ಗ್ಯಾರೇಜಿಗೆ ಬಂದಿಳಿದಿದ್ದ. ರಸೂಲ್ ಸಾಬರು ಹಿಂದೆ ಇಪ್ಪತ್ತು ವರ್ಷ ಆತನ ಅಡಿಕೆ ಲೋಡನ್ನು ಲಾರಿಯಲ್ಲಿ ಮಾರುಕಟ್ಟೆಯ ಮಂಡಿಗೆ ಹೊಡೆದವರು.

"ಮನೆಗೆ ಬಂದ ಮೆಹಮಾನ್‌ನ ಯಾವಾಗ ಹೋಗ್ತೀರಿ ಅಂತ ಕೇಳೋದು ನಮ್ಮ ಖಾಂದಾನಿನಲ್ಲೇ ಇಲ್ಲ," ಎಂದು ರಸೂಲ್ ಸಾಬರು ಮೊದಲ ದಿನವೇ ಹೆಂಡತಿಗೆ ಎಚ್ಚರಿಸಿದ್ದರು. "ನಮ್ಮ ಮನೆ ಕಷ್ಟ ಒಂದೂ ಅವರ ಕಿವಿಗೆ ಬೀಳಬಾರದು. ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ, ನೆನಪಿಟ್ಕೋ."

ಅಖ್ತರ್ ಬೀ ನೆನಪಿಟ್ಟುಕೊಂಡಳು. ಮನೆಯ ಟಿವಿಯನ್ನು ಕೂಡ ಎತ್ತಿ ಹಿಂದಿನ ಕೋಣೆಯಲ್ಲೇ ಇಟ್ಟಳು. ಅತಿಥಿ ಒಂದು ವಾರ ತಿಂದರೂ ಆಕೆಗೆ ಬೇಸರವಾಗುತ್ತಿರಲಿಲ್ಲ. ಅಡುಗೆಯ ವಿಷಯದಲ್ಲಿ ಧಾರಾಳ ಕೈ. ಆದರೆ ಎಂಟನೆಯ ದಿನ ಶಿವಮೊಗ್ಗದಿಂದ ಬುಡನ್ ಸಾಬರು ಬಂದರು.

ಬುಡನ್ ಸಾಬರೆಂದರೆ ಅಖ್ತರ್ ಬೀಯ ಮಗಳು ಅತೀಕಾಳ ಮಾವನಾಗಬೇಕಾದವರು. ಅಂಚೆ ಇಲಾಖೆಯ ಪಿಂಚಣಿದಾರ. ಮಗ ಸೊಹೇಲ್ ರೈಲ್ವೆಯಲ್ಲಿ ಗುಮಾಸ್ತ. ಮದುವೆಯ ತಾರೀಖು ಎರಡು ಸಲ ಮುಂದೆ ಹೋಗಿತ್ತು: ಒಮ್ಮೆ ಬುಡನ್ ಸಾಬರ ಅಣ್ಣ ತೀರಿಕೊಂಡು, ಇನ್ನೊಮ್ಮೆ ಸೊಹೇಲನಿಗೆ ಹುಬ್ಬಳ್ಳಿಗೆ ವರ್ಗವಾಗಿ. ರಂಜಾನ್ ಮುಗಿದ ಮೇಲೆ ಖಂಡಿತ ಎಂದಿದ್ದರು, ಈಗ ರಂಜಾನೂ ಮುಗಿದಿತ್ತು. ಅಖ್ತರ್ ಬೀ ಶಾವಿಗೆ ಪಾಯಸ ಮಾಡಿ ಕಾದಿದ್ದಳು.

ಬುಡನ್ ಸಾಬರು ಪಾಯಸವನ್ನು ಪಕ್ಕಕ್ಕೆ ಸರಿಸಿ ಚೀಲದಿಂದ ಪೇಪರು ತೆಗೆದರು.

"ಆಪಾ, ತಾರೀಖಿನ ಮಾತು ಈಗ ಬೇಡ. ಮೂವತ್ತೊಂದರೊಳಗೆ ಬಜೆಟ್ ಪಾಸಾಗ್ಲಿಲ್ಲ ಅಂದ್ರೆ ಒಂದನೇ ತಾರೀಖು ಸೊಹೇಲ್‌ಗೆ ಸಂಬಳ ಇಲ್ಲ, ನನಗೆ ಪಿಂಚಣಿ ಇಲ್ಲ. ಸಂಬಳ ಇಲ್ಲದವನು ನಿಮ್ಮ ಮಗಳಿಗೆ ಏನು ತಿನ್ನಿಸ್ತಾನೆ, ರೈಲ್ವೆ ಟೈಮ್ ಟೇಬಲ್ಲಾ?"

"ಹೇಗೋ ಆಗುತ್ತೆ ಭಾಯ್‌ಸಾಬ್. ಮಕ್ಕಳು ನಾವು ತಿಂದಿದ್ದನ್ನೇ ತಿಂತಾರೆ."

"ಹೇಗೋ ಅನ್ನೋದು ನನ್ನ ಹತ್ರ ಇಲ್ಲ. ಮೊದಲು ಬಜೆಟ್ಟು, ಆಮೇಲೆ ನಿಕಾಹ್. ಶಾದಿ ಮಹಲಿನವರಿಗೂ ಬೇಡ ಅಂದಾಯ್ತು." ಬುಡನ್ ಸಾಬರ ದನಿ ಏರಿತು. "ಎಲ್ಲಾ ಆ ಚೌಡಪ್ಪನಿಂದ! ದೇಶದ ಅನ್ನಕ್ಕೇ ಕಲ್ಲು ಹಾಕಿ ಎಲ್ಲೋ ಕೂತ್ಕೊಂಡು ಮೇಯ್ತಿದಾನೆ. ಅವನಿಗೆ ಒಂದು ಲೋಟ ನೀರು ಕೊಟ್ಟವರ ಮನೆ ಹೊಸ್ತಿಲು ಕೂಡ ನಾನು ತುಳಿಯಲ್ಲ, ಖುದಾ ಕಸಮ್!"

ಆಗಲೇ ಹಿಂದಿನ ಕೋಣೆಯಿಂದ ಭರ್ತಿ ಊಟದ ಒಂದು ತೇಗು ಬಂತು. ಮನೆಯ ಹೆಂಚೇ ಅದುರಿತು ಅನ್ನಿ.

"ಯಾರದು?" ಎಂದರು ಬುಡನ್ ಸಾಬರು.

"ಇವರ ಹಳೇ ಪರಿಚಯದವರು," ಎಂದಳು ಅಖ್ತರ್ ಬೀ.

"ಒಳ್ಳೇ ಆರೋಗ್ಯ," ಎಂದು ಮೆಚ್ಚಿ ಬುಡನ್ ಸಾಬರು ಕೊಡೆ ಎತ್ತಿಕೊಂಡು ಹೊರಟರು.

ಪಾಯಸದ ಬಟ್ಟಲು ಹಾಗೇ ಉಳಿಯಿತು. ಅತೀಕಾ ಅದನ್ನು ಒಳಗೆ ತೆಗೆದುಕೊಂಡು ಹೋಗುತ್ತಾ, "ಬಿಡು ಅಮ್ಮೀ, ಇದೇನು ಮೊದಲ ಸಲಾನಾ?" ಎಂದಳು. ನಗುತ್ತಲೇ ಅಂದಳು. ಆ ನಗುವನ್ನು ಅಖ್ತರ್ ಬೀಗೆ ನೋಡಲಾಗಲಿಲ್ಲ. ಎರಡು ಸಲ ಮುಂದೆ ಹೋದರೆ ಜನ ಕಾರಣ ಕೇಳುತ್ತಾರೆ. ಮೂರನೆಯ ಸಲ ಹೋದರೆ ಯಾರೂ ಕೇಳುವುದಿಲ್ಲ, ಹುಡುಗಿಯನ್ನು ನೋಡಿ ಸುಮ್ಮನಾಗುತ್ತಾರೆ. ಆ ಸುಮ್ಮನಿರುವಿಕೆಗೆ ಆಕೆ ಹೆದರುತ್ತಿದ್ದಳು.

ಅತಿಥಿಯನ್ನು ಹೇಗಾದರೂ ಕಳಿಸಿಬಿಡಿ ಎಂದು ಗಂಡನ ಹತ್ತಿರ ಗೋಗರೆದಳು. ರಸೂಲ್ ಸಾಬರು ಗಡ್ಡ ಕೆರೆದುಕೊಂಡು ಮತ್ತೆ ಅದೇ ಅಡಿಕೆ, ಅದೇ ಆನೆ ಹೇಳಿದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ!

ಹಿಂದಿನ ಕೋಣೆಗೆ ರೊಟ್ಟಿ ಕೊಡಲು ಹೋದಾಗ ಅಖ್ತರ್ ಬೀ ನಿಂತು ಗಮನಿಸಿದಳು. ಟಿವಿಯಲ್ಲಿ ಚೌಡಪ್ಪನ ಫೋಟೋಕ್ಕೆ ಕೆಂಪು ಸುತ್ತು ಹಾಕಿ "ಎಲ್ಲಿದ್ದಾರೆ ಚೌಡಪ್ಪ?" ಎಂದು ಅರಚುತ್ತಿದ್ದರು. ಚೌಡಪ್ಪ ಮೀಸೆ ನೀವಿಕೊಂಡು ಇನ್ನೊಂದು ರೊಟ್ಟಿ ಹಾಕಿಸಿಕೊಂಡ. ಚಾನೆಲ್ಲು ತಿರುವಿದ. ಅಲ್ಲೂ ಅವನೇ. ಮತ್ತೊಂದು ರೊಟ್ಟಿ.

"ಮೊನ್ನೆ ರಾಜ್ಯ ಮಂತ್ರಿ ಮಾಡ್ತೀವಿ ಅಂದ್ರು ತಂಗೀ. ಇವತ್ತು ಅವರೂ ಇವರೂ ಕ್ಯಾಬಿನೆಟ್ಟೇ ಕೊಡ್ತೀವಿ ಅಂತಿದಾರಂತೆ, ಟಿವೀಲಿ ಬಂತು. ಇನ್ನೂ ಎರಡು ದಿನ ತಡೀಲಿ. ರೇಟು ಏರ್ತಾ ಇದೆ."

ಓಹೋ, ಇದು ಅನ್ನ ತಿಂದು ಬದುಕುವ ಪ್ರಾಣಿಯಲ್ಲ, ತನ್ನ ಹೆಸರು ಕೇಳಿಕೊಂಡು ಬದುಕುವ ಪ್ರಾಣಿ ಎಂದು ಅಖ್ತರ್ ಬೀಗೆ ಹೊಳೆಯಿತು. ಮಾರನೆಯ ಬೆಳಿಗ್ಗೆ ಚೌಡಪ್ಪ ಸ್ನಾನಕ್ಕೆ ಹೋದಾಗ ಆಕೆ ಕೋಣೆ ಗುಡಿಸುವ ನೆಪದಲ್ಲಿ ಒಳಹೊಕ್ಕು, ಟಿವಿಯ ಹಿಂದಿನ ಕೇಬಲ್ ವೈರನ್ನು ಎಳೆದು, ಸುಳ್ಳು ಹೇಳದ ಹಾಗೆ ಕಾಪಾಡಪ್ಪಾ ಎಂದು ಅಲ್ಲಾಹನನ್ನು ನೆನೆದಳು.

"ತಂಗೀ, ಟಿವಿ ಏನಾಯ್ತು?"

"ಬರ್ತಿಲ್ಲ ಅಣ್ಣಾ."

"ಛೆ! ನನ್ನ ಸುದ್ದಿ ಏನಾದ್ರೂ ಬಂತಾ?"

"ಬೆಳಿಗ್ಗೆಯಿಂದ ನಮ್ಮ ಟಿವೀಲಿ ನಿಮ್ಮ ಹೆಸರೇ ಬಂದಿಲ್ಲ."

ಚೌಡಪ್ಪ ಆ ದಿನ ಎರಡೇ ರೊಟ್ಟಿ ತಿಂದ. ಸಂಜೆ, "ಬೀದೀಲಿ ಜನ ಏನಂತಾರೆ?" ಎಂದು ಕೇಳಿದ. ಬಿಸಿಲು ಜಾಸ್ತಿ ಅಂತಾರೆ ಎಂದಳು. ಮಾರನೆಯ ದಿನ ಆತ ಕಿಟಕಿಯ ಪರದೆ ಸರಿಸಿ ಸರಿಸಿ ನೋಡಿದ. ತನ್ನನ್ನು ಹುಡುಕಿಕೊಂಡು ಒಂದು ನಾಯಿಯೂ ಬರುತ್ತಿರಲಿಲ್ಲ. ಮಧ್ಯಾಹ್ನ ಒಂದು ರೊಟ್ಟಿ, ಅದೂ ಅರ್ಧ ಬಿಟ್ಟ. ಮುಖ ಬಾಡಿ ಬದನೆಕಾಯಿಯಾಗಿತ್ತು. ನೋಡಿ ಅಖ್ತರ್ ಬೀಗೆ ಅಯ್ಯೋ ಅನ್ನಿಸಿತು. ಆದರೆ ಅಡುಗೆಮನೆಯಲ್ಲಿ ಅತೀಕಾ ಪಾತ್ರೆ ತೊಳೆಯುವ ಸದ್ದು ಕೇಳಿದ ಕೂಡಲೇ ಆ ಅಯ್ಯೋ ಅಲ್ಲೇ ಇಂಗಿತು.

"ಅಣ್ಣಾ," ಎಂದು ತಟ್ಟೆ ಎತ್ತುತ್ತಾ ಹೇಳಿದಳು, "ಆ ವರ್ಷ ನೀವು ಎಂಬತ್ತು ಚೀಲ ರಾಶಿ ಅಡಿಕೆ ಹಿಡಿದಿಟ್ಟಿರಲ್ಲ, ನೆನಪಿದೆಯಾ? ಇನ್ನೂ ಏರುತ್ತೆ, ಇನ್ನೂ ಏರುತ್ತೆ ಅಂತ."

ಕೈ ತೊಳೆಯುತ್ತಿದ್ದ ಚೌಡಪ್ಪ ತಿರುಗಿ ನೋಡಿದ.

"ಬೇರೆಯವರೆಲ್ಲ ಮಾರಿ ಕೈ ತೊಳ್ಕೊಂಡ್ರು. ನಿಮ್ಮ ಲೋಡು ಮಂಡಿಗೆ ಹೋಗೋ ಹೊತ್ತಿಗೆ ಕೇಳೋರೇ ಇರಲಿಲ್ಲ ಅಂತ ಇವರು ಬಂದು ಹೇಳಿದ್ರು. ಮೂರು ದಿನ ನೀವು ಊಟ ಮಾಡಿರಲಿಲ್ಲ. ಯಾಕೋ ಇವತ್ತು ನಿಮ್ಮ ತಟ್ಟೆ ನೋಡಿ ನೆನಪಾಯ್ತು, ಅಷ್ಟೇ."

ಮಂಡಿ ನೋಡಿದ ಮನುಷ್ಯನಿಗೆ ಅದಕ್ಕಿಂತ ಹೆಚ್ಚು ಹೇಳಬೇಕೇ? ಚೌಡಪ್ಪ ತಟಕ್ಕನೆ ಎದ್ದು, ಲುಂಗಿ ಜಾರಿದ್ದನ್ನೂ ಲೆಕ್ಕಿಸದೆ ಹೊರಗೆ ಓಡಿಬಂದ.

"ರಸೂಲ್! ಗಾಡಿ ತೆಗಿ ಮಾರಾಯ! ಬೇರೆ ಯಾವನೋ ಎಂಪಿ ಮತ ಮಾರ್ಕೊಂಡಿರ್ಬೇಕು! ಇವತ್ತೇ ಬೆಂಗಳೂರು ಸೇರಿ ವಿಮಾನ ಹತ್ಬೇಕು!"

ರಸೂಲ್ ಸಾಬರು ಗಾಬರಿಯಿಂದ ಓಮ್ನಿ ತೆಗೆದರು. ಅತಿಥಿ ತಾನಾಗಿ ಹೊರಟಿದ್ದಾನೆ, ಯಾರೂ ಹೋಗೆನ್ನಲಿಲ್ಲ, ಖಾಂದಾನಿಗೆ ಕುಂದಿಲ್ಲ. ಗಾಡಿ ಹತ್ತುವಾಗ ಚೌಡಪ್ಪ ಅಖ್ತರ್ ಬೀಯ ಕಡೆ ತಿರುಗಿ, "ತಂಗೀ, ನಿನ್ನ ಕೈ ಅನ್ನ ತಿಂದಿದೀನಿ. ನೀನೇ ಹೇಳು, ಯಾವ ಪಾರ್ಟಿ ಕಡೆ ಹೋಗ್ಲಿ?" ಎಂದ.

"ನನಗೆ ಪಾರ್ಟಿ ಗೀರ್ಟಿ ತಿಳಿಯಲ್ಲ ಅಣ್ಣಾ. ಪಾಸಾಗೋ ಕಡೆ ಕೈ ಎತ್ತಿ. ಪುಣ್ಯ ಬರುತ್ತೆ."

ಆತ ಎತ್ತಿದ. ಮೂವತ್ತನೆಯ ತಾರೀಖು ಬಜೆಟ್ಟು ಒಂದೇ ಮತದಿಂದ ಪಾಸಾಯಿತು. ಇದು ನಮ್ಮ ಮುತ್ಸದ್ದಿತನ ಎಂದು ಸರ್ಕಾರದವರು ಎದೆ ತಟ್ಟಿಕೊಂಡರು. ನೈತಿಕ ಗೆಲುವು ನಮ್ಮದೇ ಎಂದು ವಿರೋಧದವರು ಪಟಾಕಿ ಹೊಡೆದರು. ಇಷ್ಟು ದಿನ ಎಲ್ಲಿದ್ದಿರಿ ಸಾರ್ ಎಂದು ಮೈಕು ಹಿಡಿದವರಿಗೆ ಚೌಡಪ್ಪ, "ಊಟ ಚೆನ್ನಾಗಿರೋ ಜಾಗದಲ್ಲಿ," ಎಂದು ನಕ್ಕು ಕಾರು ಹತ್ತಿದ. ರಸೂಲ್ ಸಾಬರ ಹೆಸರನ್ನು ಮಾತ್ರ ಎತ್ತಲಿಲ್ಲ.

ಒಂದನೆಯ ತಾರೀಖು ಸಂಬಳ ಬಂತು, ಎರಡನೆಯ ತಾರೀಖು ಬುಡನ್ ಸಾಬರು ಬಂದರು. ಈ ಸಲ ಸಕ್ಕರೆ, ಮಲ್ಲಿಗೆ, ಹಸಿರು ಸೀರೆ ಎಲ್ಲವೂ ಜೊತೆಗಿದ್ದವು. ಅಖ್ತರ್ ಬೀ ಅಕ್ಕಿರೊಟ್ಟಿ, ಕೀಮಾ ಬಡಿಸಿದಳು. ಬುಡನ್ ಸಾಬರು ಮೂರು ರೊಟ್ಟಿ ಮುಗಿಸಿ, ಬೆರಳು ನೆಕ್ಕಿ, ಕೈ ತೊಳೆದು, ತಾರೀಖು ಬರೆಯಲು ಪೆನ್ನು ತೆರೆದವರು ಹಾಗೇ ನಿಲ್ಲಿಸಿದರು.

"ಆ ಚೌಡಪ್ಪ ಎಲ್ಲಿದ್ದ ಗೊತ್ತಾ ಆಪಾ? ಟಿವೀಲಿ ಬಂತು. ಯಾವುದೋ ಫೈವ್ ಸ್ಟಾರ್ ರೆಸಾರ್ಟಂತೆ. ಅವನೊಬ್ಬನಿಗೇ ಮೂರು ಜನ ಅಡುಗೆ ಭಟ್ಟರಂತೆ! ಹಾಗೆ ಉಬ್ಬಿದಾನೆ ನೋಡಿ."

ಅಖ್ತರ್ ಬೀಯ ಮೈಯೆಲ್ಲ ಉರಿಯಿತು. ಮೂರು ಜನ ಭಟ್ಟರಂತೆ! ಹತ್ತು ದಿನ ಒಲೆಯ ಮುಂದೆ ಬೆಂದವಳು ಯಾರು? ಒಂದೊಂದು ಹೊತ್ತಿಗೆ ಆರು ರೊಟ್ಟಿ ತಟ್ಟಿದ ಕೈ ಯಾವುದು? ಮಾತು ನಾಲಿಗೆಯ ತುದಿಗೆ ಬಂದು ಕೂತಿತು. ರಸೂಲ್ ಸಾಬರು ಕೆಮ್ಮಿದರು. ಬಾಗಿಲ ಹಿಂದೆ ನಿಂತ ಅತೀಕಾ ತಾಯಿಯನ್ನೇ ನೋಡುತ್ತಿದ್ದಳು.

"ಅಂಥ ರುಚಿ ನಮ್ಮಂಥವರಿಗೆ ಎಲ್ಲಿ ಸಿಗಬೇಕು ಹೇಳಿ," ಎಂದರು ಬುಡನ್ ಸಾಬರು.

ಅಖ್ತರ್ ಬೀ ಅವರ ಮುಂದಿನ ಖಾಲಿ ತಟ್ಟೆ ಎತ್ತಿಕೊಂಡಳು.

"ನಿಜ ಭಾಯ್‌ಸಾಬ್. ಅಂಥ ಕೈರುಚಿ ನನಗೆಲ್ಲಿ ಬರಬೇಕು. ನೀವು ತಾರೀಖು ಬರೀರಿ."