ಎರ್ಮಿನಿಯಾಳ ಕೆಂಪು ವೈನು

ದೇವದುರ್ಗದ ಅಂಬಿಕಾ ನರ್ಸಾಗಿ ಇಟಲಿಗೆ ಹೋಗಿ, ಎರ್ಮಿನಿಯಾ ಎಂಬ ಒಂಟಿ ಮುದುಕಿಯ ಆರೈಕೆ ಮಾಡುತ್ತಿದ್ದಳು. ಮುದುಕಿ ತೀರಿಕೊಂಡ ಮೇಲೆ ರಾಯಚೂರಿಗೆ ಗಂಡನ ಬಳಿ ಮರಳುವಾಗ, ಆಕೆ ಕೊಟ್ಟಿದ್ದ, ಬಹಳ ವರ್ಷ ಮಾಗಿದ ಕೆಂಪು ವೈನಿನ ಬಾಟಲಿ ತಂದಳು. ಭಾನುವಾರ ಗಂಡ ಉಮೇಶ ಅದನ್ನು ಎರಡು ಸ್ಟೀಲ್ ಲೋಟಗಳಿಗೆ ಸುರಿದ. ಮೊದಲು ಒಗರೆನಿಸಿದ್ದು ನಾಲಿಗೆಯ ಮೇಲೆ ನಿಧಾನಕ್ಕೆ ಒಣಹಣ್ಣಿನ ಸವಿಯಾಗಿ ಹರಡಿತು. ಅಂಬಿಕಾಳ ಕಣ್ಣುಗಳು ತುಂಬಿದವು.

"ಯಾಕ, ಸೇರಲಿಲ್ಲೇನು?" ಎಂದ ಉಮೇಶ.

"ಭಾಳ ಛಲೋ ಅದ. ದಿನಾ ಸಂಜಿಕ ಆಕಿ ನನಗೂ ಒಂದು ಗ್ಲಾಸ್ ಇಟ್ಟು, ಬಾ ಕೂಡು ಅಂತಿದ್ಲು. ಊರಾಗ ಏನಂತಾರೋ ಅಂತ ನಾ ಒಂದಿನಾನೂ ಕೂಡಲಿಲ್ಲ. ಒಬ್ಬಾಕಿನ ಕುಡೀತಿದ್ಲು, ಪಾಪ."

ಅವನು ಅವಳ ಲೋಟಕ್ಕೆ ಇನ್ನಷ್ಟು ಸುರಿದ. ಗಾಳಿಯಾಡಿ ವೈನು ಮತ್ತೂ ಘಮಘಮಿಸುತ್ತಿತ್ತು. ರುಚಿ ಹೆಚ್ಚಿದಷ್ಟೂ ಅವಳಿಗೆ ಸಂಕಟವೂ ಹೆಚ್ಚಿತು.