ಮೂರನೇ ನಂಬರಿನ ಗೇಟು

ಲಿಫ್ಟಣ್ಣನ ಹಳೆಯ ಟಿವಿ ಒಂದು ಸೋಮವಾರ ಬೆಳಿಗ್ಗೆ ಟಪ್ ಎಂದು ಸದ್ದು ಮಾಡಿ ಕಣ್ಣು ಮುಚ್ಚಿತು. ಬೇರೆ ಯಾರಾದರೂ ಆಗಿದ್ದರೆ ಪೀಡೆ ತೊಲಗಿತು ಎಂದು ಹೊಸದು ತರುತ್ತಿದ್ದರು. ಆದರೆ ಅವನಿಗೆ ಬೇಕಾಗಿದ್ದದ್ದು ಒಂದೇ ಚಾನೆಲ್, ಅದು ಹೊಸ ಟಿವಿಗಳಲ್ಲಿ ಬರುವುದಿಲ್ಲ.

ಅವನಿದ್ದ ಐದು ಮಹಡಿಯ ಕಟ್ಟಡದ ಗೇಟಿನ ಮೇಲೊಂದು ಕ್ಯಾಮೆರಾ ಇತ್ತು. ಇಪ್ಪತ್ತು ವರ್ಷದ ಹಿಂದೆ ಅದನ್ನು ಕೂರಿಸಿದವರು ಅದರ ಚಿತ್ರವನ್ನು ಎಲ್ಲ ಮನೆಗಳ ಆಂಟೆನಾ ಕೇಬಲ್ಲಿಗೇ ಸೇರಿಸಿದ್ದರು. ಮೂರನೇ ನಂಬರು ಒತ್ತಿದರೆ ಸಾಕು, ಕಪ್ಪು ಬಿಳುಪಿನಲ್ಲಿ ಗೇಟು, ಎರಡು ಮೆಟ್ಟಿಲು, ಟಪಾಲು ಡಬ್ಬಿಗಳ ಸಾಲು. ಮಾತಿಲ್ಲ, ಸದ್ದಿಲ್ಲ. ಹೊಸ ಟಿವಿಗಳು ಬಂದ ಮೇಲೆ ಜನ ಆ ಚಾನೆಲ್ಲನ್ನೇ ಮರೆತರು. ಲಿಫ್ಟಣ್ಣ ಮರೆಯಲಿಲ್ಲ. ನಾಲ್ಕನೇ ಮಹಡಿಯಲ್ಲಿ ಅವನ ಒಡಹುಟ್ಟಿದ ಅಕ್ಕ ಇದ್ದಳು, ಅವಳಿಗೂ ಇವನಿಗೂ ಆರು ವರ್ಷದಿಂದ ಮಾತಿರಲಿಲ್ಲ. ಇವನು ಹತ್ತು ಗಂಟೆಗೆ ಹಾಲು, ಪೇಪರು ತಂದು ಟಿವಿ ಮುಂದೆ ಕೂತರೆ, ಹನ್ನೊಂದಕ್ಕೆ ಅಕ್ಕ ಚೀಲ ಹಿಡಿದು ಗೇಟು ದಾಟುತ್ತಿದ್ದಳು. ಅಷ್ಟು ನೋಡಿದರೆ, ಸದ್ಯ ಗಟ್ಟಿಯಾಗಿದ್ದಾಳೆ ಎಂದು ಇವನ ದಿನ ಮುಂದೆ ಸಾಗುತ್ತಿತ್ತು.

ಜಗಳ ಆಸ್ತಿಯದ್ದಲ್ಲ, ಲಿಫ್ಟಿನದು. ಇವನು ಮೂವತ್ತೈದು ವರ್ಷ ಲಿಫ್ಟ್ ಮೆಕ್ಯಾನಿಕ್ಕು, ಆಕೆ ಹೆಚ್ಚುಕಡಿಮೆ ಅಷ್ಟೇ ವರ್ಷ ಟೆಲಿಫೋನ್ ಆಪರೇಟರು. ಕಟ್ಟಡದವರ ಸಭೆಯಲ್ಲಿ ಅಕ್ಕ, "ಲಿಫ್ಟು ಮೂರನೇ ಮಹಡಿ ಹತ್ರ ನರಳ್ತಾ ಇದೆ, ಯಾರಾದ್ರೂ ನೋಡ್ರಪ್ಪ" ಎಂದಳು. ಇವನು ಎಲ್ಲರ ಎದುರಿಗೆ, "ಕೆಟ್ಟಿರೋದು ಲಿಫ್ಟಲ್ಲ, ನಿನ್ನ ಕಿವಿ" ಎಂದು ನಕ್ಕ. ಜನ್ಮವೆಲ್ಲ ಕಿವಿಯಿಂದಲೇ ದುಡಿದವಳಿಗೆ ಆಡುವ ಮಾತೇ ಅದು? ಹದಿನೈದು ದಿನಕ್ಕೆ ಲಿಫ್ಟು ಸರಿಯಾಗಿ ಅಲ್ಲೇ ನಿಂತಿತು, ಒಳಗೆ ಅಕ್ಕ, ಎರಡು ಗಂಟೆ. ಬಾಗಿಲು ಬಿಡಿಸಿದವನೂ ಇವನೇ. ಆಗಲಾದರೂ ತಪ್ಪಾಯಿತು ಅನ್ನಬಹುದಿತ್ತು. ಅನ್ನಲಿಲ್ಲ. ಅಕ್ಕ ಮೆಟ್ಟಿಲು ಹಿಡಿದಳು, ಇವನು ಹಠ ಹಿಡಿದ.

ಟಿವಿ ಸತ್ತ ದಿನ ಲಿಫ್ಟಣ್ಣ ಅಟ್ಟದಿಂದ ಹಳೆಯ ಕಂಪ್ಯೂಟರ್ ಇಳಿಸಿದ. ಅದರಲ್ಲಿ ಚಾನೆಲ್ ಹಿಡಿಯುವ ಟಿವಿ ಟ್ಯೂನರ್ ಇದ್ದ ಗ್ರಾಫಿಕ್ಸ್ ಕಾರ್ಡ್ ಇತ್ತು, ಹಿಂಬದಿಯಲ್ಲಿ ಆಂಟೆನಾ ಚುಚ್ಚುವ ತೂತು. ಫ್ಯಾನಿನ ಧೂಳನ್ನು ಬ್ರಶ್ಶಿನಲ್ಲಿ ಕೆದಕಿ ತೆಗೆದ, ಕೇಬಲ್ ಚುಚ್ಚಿದ, ಟಿವಿ ತೋರಿಸುವ ಮೀಡಿಯಾ ಸೆಂಟರ್ ಎಂಬ ಪ್ರೋಗ್ರಾಮು ತೆರೆದ. 'ಟ್ಯೂನರ್ ಸಿಕ್ಕಿಲ್ಲ' ಎಂದಿತು ಅದು. ಕಣ್ಣೆದುರಿಗೇ ಇದೆಯಲ್ಲೋ ದರಿದ್ರದ್ದೇ ಎಂದು ಬೈದ. ಬೈಗುಳ ಕೇಳಲು ಮನೆಯಲ್ಲಿ ಇನ್ನೊಂದು ನರಪಿಳ್ಳೆ ಇರಲಿಲ್ಲ.

ಹಳೆಯ ಬಿಡಿಭಾಗ ಮಾರುವ ಅಂಗಡಿಯವನಿಗೆ ಫೋನು ಮಾಡಿದ.

"ಯಜಮಾನ್ರೇ, ಆ ಕಾರ್ಡಿಗೆ ಪಿಂಚಣಿ ಕೊಟ್ಟು ಮನೇಲಿ ಕೂರ್ಸಿ. ಇಂಟರ್ನೆಟ್ಟಲ್ಲಿ ಎಲ್ಲಾ ಬರತ್ತಲ್ಲ, ಏನ್ ನೋಡ್ಬೇಕು ನಿಮಗೆ?"

"ನಮ್ಮ ಗೇಟು."

"ಹಾಗಾದ್ರೆ ಮೊದಲು ಚಿತ್ರ ನಡೆಸೋ ಡ್ರೈವರ್ ಪ್ರೋಗ್ರಾಮು ಹಾಕಿ, ಆಮೇಲೆ ಟ್ಯೂನರಿಂದು. ಹಿಂದುಮುಂದು ಆದ್ರೆ ಎಲ್ಲಾ ಕಿತ್ತು ಮೊದಲಿಂದ ಶುರು."

ಲಿಫ್ಟಣ್ಣ ಅಷ್ಟು ಹೊತ್ತಿಗೆ ಹಿಂದುಮುಂದು ಮಾಡಿ ಆಗಿತ್ತು. ಎಲ್ಲ ಕಿತ್ತ. ಕಾರ್ಡಿನ ಜೊತೆ ಬಂದಿದ್ದ ಸಿಡಿ ಗೀರು ಬಿದ್ದು ಅರ್ಧಕ್ಕೇ ನಿಲ್ಲುತ್ತಿತ್ತು, ಅದನ್ನು ಸೋಪು ಹಚ್ಚಿ ತೊಳೆದ. ಡ್ರೈವರು ಕೂತರೂ ಮೀಡಿಯಾ ಸೆಂಟರ್ ಜಪ್ಪಯ್ಯ ಅನ್ನಲಿಲ್ಲ. ಈ ಕಾರ್ಡಿಗೆ ಚಿತ್ರವನ್ನು ತಾನೇ ಕುಗ್ಗಿಸಿ ಕೊಡುವ ಶಕ್ತಿಯಿಲ್ಲವಂತೆ, ಅಂಥದ್ದನ್ನು ಅದು ಮುಟ್ಟುವುದಿಲ್ಲವಂತೆ! ಕೊನೆಗೆ ಅಂಗಡಿಯವನೇ ಎಲ್ಲಿಂದಲೋ ಒಂದು ಚಿಕ್ಕ ಪ್ರೋಗ್ರಾಮು ಹುಡುಕಿ ಕಳಿಸಿದ. ಕಾರ್ಡಿಗೂ ಮೀಡಿಯಾ ಸೆಂಟರಿಗೂ ನಡುವೆ ನಿಂತು ಆ ಕೆಲಸವನ್ನು ಅದು ಮಾಡುತ್ತಿತ್ತು. ಇಷ್ಟಕ್ಕೆ ಒಂಬತ್ತು ದಿನ ಹಿಡಿಯಿತು. ಲಿಫ್ಟಣ್ಣ ಹೊಸ್ತಿಲು ದಾಟಲಿಲ್ಲ. ಡಬ್ಬಿಯ ಹಾಲಿನಪುಡಿ, ಮೊಟ್ಟೆ, ಒಣಗಿದ ಬ್ರೆಡ್ಡು. ಬೇಗ ಮುಗಿಸಬೇಕು ಎನ್ನುವ ಆತುರ ಅವನಿಗೆ. ಒಂಬತ್ತು ದಿನದಲ್ಲಿ ಮೇಲಿನವಳಿಗೆ ಏನು ಬೇಕಾದರೂ ಆಗಬಹುದು.

ಚಾನೆಲ್ ಹುಡುಕಿಸಿದರೆ ಸೊನ್ನೆ ಬಂತು. ಹೆಸರಿಲ್ಲದ ಚಾನೆಲ್ಲನ್ನು ಯಂತ್ರ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಇವನೇ ಕೈಯಾರೆ ಮೂರು ಎಂದು ಬರೆದ. ಮಾನಿಟರಿನಲ್ಲಿ ಗೇಟು ಮೂಡಿತು. ಎರಡು ಮೆಟ್ಟಿಲು, ಟಪಾಲು ಡಬ್ಬಿಗಳು. ಲಿಫ್ಟಣ್ಣನಿಗೆ ಕಣ್ಣು ತುಂಬಿ ಬಂತು, ಅದಕ್ಕೂ ಧೂಳನ್ನೇ ದೂರಿದ.

ಹನ್ನೊಂದಾಯಿತು. ಅಕ್ಕ ಬರಲಿಲ್ಲ. ಹನ್ನೆರಡು, ಒಂದು. ಯಾರ್ಯಾರೋ ಬಂದರು, ಹೋದರು, ಅಕ್ಕ ಇಲ್ಲ. ಮಾರನೆಯ ದಿನವೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತ. ಇಲ್ಲ. ಜ್ವರವೋ? ಬಚ್ಚಲಲ್ಲಿ ಜಾರಿದಳೋ? ಮೂರು ಮಹಡಿ ಹತ್ತಿ ಬಾಗಿಲು ತಟ್ಟಿದರೆ ಮುಗಿಯುತ್ತಿತ್ತು. ಎರಡು ಸಲ ಎದ್ದು ಚಪ್ಪಲಿ ಮೆಟ್ಟಿದ, ಎರಡು ಸಲವೂ ಬಿಟ್ಟ. ಬಾಗಿಲು ತೆರೆದು, ಮುಖ ನೋಡಿ, ಹಾಗೇ ಮುಚ್ಚಿಬಿಟ್ಟರೆ? ಆ ಹೆದರಿಕೆಗೇ ಅವನು ಇಷ್ಟು ವರ್ಷ ಹಠ ಎಂಬ ದೊಡ್ಡ ಹೆಸರಿಟ್ಟುಕೊಂಡಿದ್ದ.

ಹನ್ನೊಂದನೇ ದಿನ ಹಾಲಿನಪುಡಿಯೂ ಮುಗಿಯಿತು. ಅಂಗಡಿಗೆ ಹೋಗಲೇಬೇಕು, ಆ ಹೊತ್ತಿನಲ್ಲೇ ಅಕ್ಕ ಹಾದುಹೋದರೆ? ಮೀಡಿಯಾ ಸೆಂಟರಿನಲ್ಲಿ ರೆಕಾರ್ಡ್ ಒತ್ತಿ ಹೊರಟ. ಅರ್ಧ ಗಂಟೆಯಲ್ಲಿ ಹಾಲು, ಬ್ರೆಡ್ಡು ಹಿಡಿದು ಬಂದ, ಕೂತ, ಮೊದಲಿನಿಂದ ಹಾಕಿದ.

ತಾನೇ ಕಂಡ. ಬೆನ್ನು ಇಷ್ಟು ಬಾಗಿದೆಯೇ ಎಂದುಕೊಂಡ. ಗೇಟು ದಾಟಿ ಬಲಕ್ಕೆ ತಿರುಗಿ ಮರೆಯಾದ.

ಮೂರು ನಿಮಿಷಕ್ಕೆ ಅಕ್ಕ ಬಂದಳು. ಚೀಲವಿಲ್ಲ, ಕಾಲಲ್ಲಿ ಮನೆಯೊಳಗೆ ಮೆಟ್ಟುವ ಚಪ್ಪಲಿ. ಗೇಟಿನ ಸರಳು ಹಿಡಿದು ಏದುಸಿರು ಬಿಡುತ್ತ ನಿಂತಳು. ಆಮೇಲೆ ಕತ್ತು ಚಾಚಿ ಬಲಕ್ಕೆ ನೋಡಿದಳು, ಇವನು ಹೋದ ಕಡೆಗೆ. ಕದಲಲಿಲ್ಲ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಒಮ್ಮೆ ಸೆರಗಿನಿಂದ ಮುಖ ಒರೆಸಿಕೊಂಡಳು. ಇದ್ದಕ್ಕಿದ್ದಂತೆ ಹಿಂದೆ ಸರಿದು ಸರಸರನೆ ಒಳಗೆ ಹೋದಳು. ಒಂದು ನಿಮಿಷ ಕಳೆದ ಮೇಲೆ ಗೇಟಿನಲ್ಲಿ ಇವನು, ಕೈಯಲ್ಲಿ ಹಾಲು, ಬ್ರೆಡ್ಡು.

ಲಿಫ್ಟಣ್ಣ ಅದನ್ನು ಮೂರು ಸಲ ನೋಡಿದ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತಲ್ಲ! ಇವನು ಹೊರಗಿದ್ದಾಗಲೇ ಅವಳು ಗೇಟಿಗೆ ಬರುತ್ತಿದ್ದರೆ, ಟಿವಿ ಮುಂದೆ ಕೂತವನಿಗೆ ಕಾಣುವುದಾದರೂ ಹೇಗೆ? ಆರು ವರ್ಷದಲ್ಲಿ ಎಷ್ಟು ದಿನ ಹೀಗೆ ನಿಂತಿದ್ದಳೋ.

ಬರಿಗಾಲಲ್ಲೇ ಮೇಲೆ ಹತ್ತಿದ. ಗಂಟೆ ಒತ್ತಿದ. ಬಾಗಿಲು ತೆರೆಯಿತು. ಅಕ್ಕನ ಬೆನ್ನ ಹಿಂದೆ ಹಳೆಯ ಟಿವಿ, ಅದರಲ್ಲಿ ಖಾಲಿ ಗೇಟು. ಕುರ್ಚಿಯನ್ನು ಟಿವಿಗೆ ಅಂಟಿಸಿದಷ್ಟು ಹತ್ತಿರ ಎಳೆದುಕೊಂಡಿದ್ದಳು, ಪಕ್ಕದಲ್ಲಿ ತಟ್ಟೆ, ಲೋಟ, ಹೊದಿಕೆ.

"ಹತ್ತು ದಿನ," ಎಂದಳು ಅಕ್ಕ. ಗದರಬೇಕೆಂದು ತೆಗೆದ ದನಿ ನಡುಗಿಹೋಯಿತು. "ಹತ್ತು ದಿನ ನೀನು ಗೇಟು ದಾಟ್ಲೇ ಇಲ್ಲ. ಎಲ್ಲೋ ಬಿದ್ದು ಸತ್ತಿದ್ದೀಯ ಅಂದ್ಕೊಂಡೆ ಕಣೋ. ಬಾಗಿಲು ತಟ್ಟೋಕೆ ಕೈ ಬರ್ಲಿಲ್ಲ. ಆ ಕುರ್ಚಿ ಬಿಟ್ಟು ಏಳ್ಲಿಲ್ಲ ನಾನು."

"ನಾನೂ ಅಷ್ಟೇ ಅಕ್ಕ," ಎಂದ ಲಿಫ್ಟಣ್ಣ. "ನಿನ್ನನ್ನೇ ಕಾಯ್ತಾ ಕೂತಿದ್ದೆ."